ನೂರನೇ ಪ್ರಯೋಗಕ್ಕೆ ತಯಾರಾಗುವ ನಾಟಕ

2025ರ ಸೆಪ್ಟೆಂಬರ್ 29ರಂದು ಬೆಂಗಳೂರಿನಲ್ಲಿ ಯಶವಂತ ಸರದೇಶಪಾಂಡೆ ತೀರಿಕೊಂಡರು. ಅಕ್ಟೋಬರ್ 13ರಂದು ಮಣಿಪಾಲದಲ್ಲಿ ರಾಜು ತಾಳಿಕೋಟಿ. ನಡುವೆ ಎರಡೇ ವಾರ. ಒಬ್ಬರು ಬಸವನ ಬಾಗೇವಾಡಿ ತಾಲ್ಲೂಕಿನ ಉಕ್ಕಲಿಯಲ್ಲಿ ಹುಟ್ಟಿದವರು, ಇನ್ನೊಬ್ಬರು ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿಯವರು. ಮರುದಿನದ ಪತ್ರಿಕೆಗಳು ಇಬ್ಬರನ್ನೂ ಹಾಸ್ಯನಟರೆಂದೇ ನೆನೆದವು. ಟಿವಿಯಲ್ಲಿ ಸಿನಿಮಾದ ತುಣುಕುಗಳು ಓಡಿದವು. ಇಬ್ಬರೂ ನಾಟಕ ಕಟ್ಟಿ, ತಂಡ ಸಾಕಿ, ಊರೂರು ತಿರುಗಿ, ರಾತ್ರಿ ಟಿಕೆಟ್ಟಿನ ಲೆಕ್ಕ ಹಾಕಿ ಮಲಗಿದವರು ಎನ್ನುವುದು ಸುದ್ದಿಯ ಕೊನೆಯ ಪ್ಯಾರಾಕ್ಕೆ ಸರಿಯಿತು.

ಈ ಅಂಕಣ ಆ ಕೊನೆಯ ಪ್ಯಾರಾದ ಬಗ್ಗೆ. ವಿಜಯಪುರ ಜಿಲ್ಲೆಯ ಒಣಬೇಸಾಯದ ಈ ಸೀಮೆಯಲ್ಲಿ ನಾಟಕದ ನಿರ್ದೇಶಕ ಹೇಗೆ ತಯಾರಾಗುತ್ತಾನೆ? ಅವನ ಕೆಲಸಕ್ಕೆ ಪ್ರಶಸ್ತಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಬರುವುದಿಲ್ಲ?

ವಿಜಯಪುರದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ದಾರಿಯಲ್ಲೇ ಇಂಡಿ ತಾಲ್ಲೂಕಿನ ಹೊರ್ತಿ ಸಿಗುತ್ತದೆ. ರೇವಣಸಿದ್ಧೇಶ್ವರನ ಊರು. ಸುತ್ತ ಲಿಂಬಿ ತೋಟಗಳು. ಇಂಥ ಊರಿನಲ್ಲಿ ಜಾತ್ರೆಗೊಂದು ನಾಟಕ ಆಗಬೇಕೆಂದರೆ ಹುಡುಗರು ಮೊದಲು ಹುಡುಕುವುದು ನಿರ್ದೇಶಕನನ್ನಲ್ಲ, ಮಾಸ್ತರನನ್ನು. ಪೇಟಿ (ಹಾರ್ಮೋನಿಯಂ) ಬಾರಿಸಲು ಬರುವ, ಹತ್ತಾರು ನಾಟಕದ ಮಾತು-ಹಾಡು ಬಾಯಿಪಾಠ ಇರುವ ಮನುಷ್ಯ. ಆತ ಊರಿಗೆ ಬಂದು ಯಾರದೋ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ತಾಲೀಮು ಹಿಡಿಯುತ್ತಾನೆ. ಯಾರು ಗೌಡ, ಯಾರು ಖಳನಾಯಕ, ಯಾರಿಗೆ ಹಾಸ್ಯಪಾತ್ರ ಎಂದು ಹಂಚುತ್ತಾನೆ. ಹೆಣ್ಣುಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಗೊತ್ತು ಮಾಡುತ್ತಾರೆ. ಅವರು ನಾಟಕದ ದಿನವೇ ಬಂದು, ಮಧ್ಯಾಹ್ನ ಒಮ್ಮೆ ಮಾತು ಓದಿಕೊಂಡು, ರಾತ್ರಿ ಬೆಳಗಿನವರೆಗೆ ತೊದಲದೆ ನಟಿಸುವುದುಂಟು. ಅವರ ನೆನಪಿನ ಶಕ್ತಿಯ ಬಗ್ಗೆ ಯಾರಾದರೂ ಸಂಶೋಧನೆ ಮಾಡಬೇಕು.

ಹ್ಯಾಂಡ್‌ಬಿಲ್ಲಿನಲ್ಲಿ ನಾಟಕ ಬರೆದವನಿಗೆ ‘ಕವಿ’ ಎಂಬ ಬಿರುದು ಇರುತ್ತದೆ. ಉದ್ಘಾಟಕರು, ಜ್ಯೋತಿ ಬೆಳಗಿಸುವವರು, ದೇಣಿಗೆ ಕೊಟ್ಟವರು ಎಲ್ಲರ ಹೆಸರೂ ಫೋಟೊ ಸಮೇತ ಇರುತ್ತವೆ. ಮಾಸ್ತರನ ಹೆಸರು ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿ. ಆದರೆ ಆ ರಾತ್ರಿಯ ಓಟ ಅವನ ಕೈಯಲ್ಲೇ. ರಂಗದ ಬದಿಯಲ್ಲಿ ಪೇಟಿ ಹಿಡಿದು ಕೂತವನು ಪ್ರೇಕ್ಷಕರ ಗದ್ದಲ ಏರಿತೆಂದರೆ ಹಾಡಿಗೆ ಸುರುವಿಡುತ್ತಾನೆ. ದೃಶ್ಯ ಬಿದ್ದುಹೋಗುತ್ತಿದೆ ಎನಿಸಿದರೆ ಹಾಸ್ಯದವನಿಗೆ ಕಣ್ಸನ್ನೆ ಮಾಡುತ್ತಾನೆ. ಯಾರೋ ಎದ್ದು ಬಂದು ನಟನ ಎದೆಗೆ ನೋಟು ಚುಚ್ಚಿ ಆಯೇರಿ ಮಾಡಿದರೆ ನಾಟಕ ನಿಲ್ಲುತ್ತದೆ, ಹೆಸರು ಮೈಕಿನಲ್ಲಿ ಕೂಗಲಾಗುತ್ತದೆ, ಮತ್ತೆ ಕಥೆ ನಿಂತ ಕಡೆಯಿಂದಲೇ ಹೊರಡುತ್ತದೆ. ಈ ತಡೆಗಳನ್ನೆಲ್ಲ ನುಂಗಿಕೊಂಡು ನಾಟಕ ಬೆಳಗು ಮುಟ್ಟಿಸುವುದು ನಿರ್ದೇಶನವೇ. ಅದು ನಡೆಯುವುದು ಪ್ರೇಕ್ಷಕರ ಎದುರಿಗೆ, ಪ್ರಯೋಗ ನಡೆದಿರುವಾಗಲೇ.

ಇದೇ ತಾಲ್ಲೂಕಿನ, ಭೀಮಾತೀರದ ಅಗರಖೇಡದಲ್ಲಿ 1904ರ ಸೆಪ್ಟೆಂಬರ್ 26ರಂದು ಆದ್ಯ ರಂಗಾಚಾರ್ಯರು ಹುಟ್ಟಿದರು. ಕನ್ನಡಕ್ಕೆ ಅವರು ಶ್ರೀರಂಗ. ಪುಣೆಯಲ್ಲಿ ಓದಿ, ಲಂಡನ್ನಿಗೆ ಹೋಗಿ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು. ನಲವತ್ತಕ್ಕೂ ಹೆಚ್ಚು ನಾಟಕ, ಅದಕ್ಕಿಂತ ಹೆಚ್ಚು ಏಕಾಂಕ ಬರೆದರು. ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದರು. 1956ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1967ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1971ರಲ್ಲಿ ‘ಕಾಳಿದಾಸ’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ. ಪ್ರಶಸ್ತಿಯ ಲೆಕ್ಕದಲ್ಲಿ ಈ ಜಿಲ್ಲೆಯ ರಂಗಭೂಮಿಯಲ್ಲಿ ಅವರನ್ನು ಮೀರಿದವರಿಲ್ಲ.

ಶ್ರೀರಂಗರು ಕಂಪನಿ ನಾಟಕಕ್ಕೆ ಬೆನ್ನು ಮಾಡಿ ಹವ್ಯಾಸಿ ರಂಗಭೂಮಿಗೆ ನಿಂತವರು. ಪರದೆ, ಪವಾಡ, ರಾತ್ರಿಯಿಡೀ ಸಂಗೀತ ಇವು ಅವರಿಗೆ ಬೇಡವಾಗಿದ್ದವು. ಯೋಚಿಸುವ ಪ್ರೇಕ್ಷಕ ಬೇಕಾಗಿತ್ತು. ‘ಹರಿಜನ್ವಾರ’ದಿಂದ ‘ಕೇಳು ಜನಮೇಜಯ’ದವರೆಗೆ ಅವರು ಬರೆದದ್ದು ಅಂಥವನಿಗಾಗಿ. ಅಂಥ ಪ್ರೇಕ್ಷಕ ಧಾರವಾಡದಲ್ಲಿ, ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ಸಿಕ್ಕ. ಅಗರಖೇಡದ ಜಾತ್ರೆಯಲ್ಲಿ ಸಿಗುವುದು ಕಷ್ಟವಿತ್ತು. ಇವತ್ತಿಗೂ ಇಂಡಿ-ಸಿಂದಗಿ ಕಡೆಯ ನಾಟ್ಯಸಂಘವೊಂದು ಜಾತ್ರೆಗೆ ಶ್ರೀರಂಗರ ನಾಟಕ ಎತ್ತಿಕೊಳ್ಳುವುದು ಅಪರೂಪ. ಅದೇ ಊರಿನವರು ಕಂದಗಲ್ ಹನುಮಂತರಾಯರ ಕಂಪನಿ ನಾಟಕ ‘ರಕ್ತರಾತ್ರಿ’ ಎಂದರೆ ಕಿವಿ ನಿಮಿರಿಸುತ್ತಾರೆ. ವಿಜಯಪುರದ ಜಿಲ್ಲಾ ರಂಗಮಂದಿರಕ್ಕೆ ಹನುಮಂತರಾಯರ ಹೆಸರೇ ಇದೆ. ಜನ ಯಾರನ್ನು ತಮ್ಮವನೆಂದು ಎಣಿಸಿದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇದರಲ್ಲಿ ಯಾರ ತಪ್ಪೂ ಇಲ್ಲ. ಎರಡು ರಂಗಭೂಮಿಗಳು ಒಂದೇ ಮಣ್ಣಿನಿಂದ ಎದ್ದು ಬೇರೆ ಬೇರೆ ದಾರಿ ಹಿಡಿದವು, ಅಷ್ಟೆ. ಮುಂದಿನ ತಲೆಮಾರಿನ ನಿರ್ದೇಶಕನಿಗೆ ಬಂದ ತೊಡಕೆಂದರೆ, ಈ ಎರಡರ ನಡುವೆ ತಾನು ಎಲ್ಲಿ ನಿಲ್ಲಬೇಕು ಎನ್ನುವುದು.

ಬಿ.ವಿ. ಕಾರಂತರು ಆ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡವರು. ಹುಡುಗರಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಅವರು ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು. 1972ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಅವರು ಆಡಿಸಿದ ನಾಟಕಗಳಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯೂ ಒಂದು. ನಾಟಕ ನಿಂತದ್ದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಆಚರಣೆಯ ಮೇಲೆ. ಭಾದ್ರಪದದಲ್ಲಿ ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ, ಮಣ್ಣಿನ ಜೋಕುಮಾರನನ್ನು ಕೂರಿಸಿ, ತುಟಿಗೆ ಬೆಣ್ಣೆ ಹಚ್ಚಿ ಮನೆಮನೆಗೆ ಹೊತ್ತುಕೊಂಡು ಬರುತ್ತಾರೆ. ಮೊರಕ್ಕೆ ಜೋಳ ಹಾಕಿಸಿಕೊಂಡು ಹಾಡು ಹೇಳಿ ಹೋಗುತ್ತಾರೆ. ಕಂಬಾರರು ಅದನ್ನು ಹೊಲ ಯಾರದು ಎಂಬ ಜಗಳಕ್ಕೆ ಹೊಂದಿಸಿದರು. ಕಾರಂತರು ಬಯಲಾಟದ ಹಿಮ್ಮೇಳ ಬಳಸಿ ರಂಗಕ್ಕೆ ತಂದರು. ಜಾತ್ರೆಯ ಸರಕು ರಾಜಧಾನಿಯ ಪ್ರಯೋಗವಾಯಿತು. ಆಮೇಲೆ ಅನೇಕ ತರುಣ ನಿರ್ದೇಶಕರು ಆ ದಾರಿ ಹಿಡಿದರು. ಎಷ್ಟರ ಮಟ್ಟಿಗೆಂದರೆ, ಒಂದು ಕಾಲಕ್ಕೆ ಡೊಳ್ಳು ಬಾರದ ಹವ್ಯಾಸಿ ನಾಟಕವೇ ಇರಲಿಲ್ಲ.

ಯಶವಂತ ಸರದೇಶಪಾಂಡೆ ಕಾರಂತರ ದಾರಿಯನ್ನು ತಿರುಗಿಸಿ ನಡೆದವರು. ಶಾಲೆಯಲ್ಲಿ ಕಲಿತದ್ದನ್ನು ಜಾತ್ರೆಯಂಥ ಜನಸಂದಣಿಯ ಕಡೆಗೆ ಒಯ್ದರು.

1965ರ ಜೂನ್ 13ರಂದು ಉಕ್ಕಲಿಯಲ್ಲಿ ಹುಟ್ಟಿದ ಅವರು ಎಂಬತ್ತರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಸೇರಿದರು. ಕೆ.ವಿ. ಸುಬ್ಬಣ್ಣನವರು ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆದದ್ದು 1980ರಲ್ಲಿ. 1985ರಲ್ಲಿ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಹೊರಟಿತು. ಆಗ ಹೆಗ್ಗೋಡಿನ ವಿದ್ಯಾರ್ಥಿ ಸಂಸ್ಕೃತ ನಾಟಕ, ಬ್ರೆಕ್ಟ್, ಶೇಕ್ಸ್‌ಪಿಯರ್ ಓದುವುದರ ಜತೆಗೆ ರಂಗ ಗುಡಿಸಬೇಕು, ಲೈಟು ಕಟ್ಟಬೇಕು, ಬಟ್ಟೆ ಮಡಿಚಿ ಟ್ರಂಕಿಗೆ ತುಂಬಬೇಕು. ಬಯಲುಸೀಮೆಯ ಹುಡುಗನಿಗೆ ಮಲೆನಾಡಿನ ಮಳೆಯೂ ಒಂದು ಪಾಠವೇ. ಅಲ್ಲಿಂದ ಹೊರಬಿದ್ದವರಲ್ಲಿ ಕೆಲವರು ರೆಪರ್ಟರಿ ಸೇರಿದರು, ಕೆಲವರು ಶಾಲೆಗಳಲ್ಲಿ ಮಕ್ಕಳ ನಾಟಕ ಮಾಡಿಸಿದರು, ಹಲವರು ಧಾರಾವಾಹಿಗೆ ಹೋದರು. ಸರದೇಶಪಾಂಡೆ ಹುಬ್ಬಳ್ಳಿಯಲ್ಲಿ ನೆಲೆ ನಿಂತು ‘ಗುರು’ ಎಂಬ ಸಂಸ್ಥೆ ಕಟ್ಟಿದರು. ನಾಟಕ ಆಡಿಯೇ ಬದುಕಬೇಕು, ಟಿಕೆಟ್ ಮಾರಿಯೇ ಆಡಬೇಕು ಎಂದು ಹಟ ಹಿಡಿದರು.

ಅವರ ಹೆಸರು ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡದ್ದು ‘ಆಲ್ ದಿ ಬೆಸ್ಟ್’ಗೆ. ಮೂಲ ಮರಾಠಿ, ಬರೆದವರು ದೇವೇಂದ್ರ ಪೇಮ್. ಮುಂಬಯಿಯ ಕಾಲೇಜು ಹುಡುಗರ ಏಕಾಂಕವಾಗಿ ಶುರುವಾದದ್ದು ತೊಂಬತ್ತರ ದಶಕದಲ್ಲಿ ಪೂರ್ಣ ನಾಟಕವಾಗಿ ಬೆಳೆದು, ಮರಾಠಿ ವ್ಯಾವಸಾಯಿಕ ರಂಗಭೂಮಿಯಲ್ಲಿ ಧೂಳೆಬ್ಬಿಸಿತು. ಭರತ್ ಜಾಧವ್, ಅಂಕುಶ್ ಚೌಧರಿ, ಸಂಜಯ್ ನಾರ್ವೇಕರ್ ಈ ಮೂವರನ್ನೂ ಬೆಳಕಿಗೆ ತಂದ ನಾಟಕ ಅದು.

ಕಥೆ ಹೇಳಲು ಎರಡು ಸಾಲು ಸಾಕು. ಒಂದೇ ಕೋಣೆಯಲ್ಲಿ ಮೂವರು ಗೆಳೆಯರು: ಒಬ್ಬನಿಗೆ ಕಣ್ಣು ಕಾಣದು, ಒಬ್ಬನಿಗೆ ಕಿವಿ ಕೇಳದು, ಒಬ್ಬನಿಗೆ ಮಾತು ಬಾರದು. ಮೂವರಿಗೂ ಒಬ್ಬಳೇ ಹುಡುಗಿಯ ಮೇಲೆ ಮನಸ್ಸು.

ಆದರೆ ಇದನ್ನು ರಂಗದ ಮೇಲೆ ತರುವ ಕೆಲಸ ಗಡಿಯಾರ ರಿಪೇರಿಯಷ್ಟು ಸೂಕ್ಷ್ಮ. ಮಾತು ಬಾರದವನು ಕಣ್ಣು ಕಾಣದವನಿಗೆ ಏನೋ ಹೇಳಬೇಕು ಎಂದಿಟ್ಟುಕೊಳ್ಳಿ. ಕೈಸನ್ನೆ ಮಾಡಿದರೆ ಅವನಿಗೆ ಕಾಣದು. ಆದ್ದರಿಂದ ಸುದ್ದಿ ಮೂರನೆಯವನ ಮೂಲಕ ಹೋಗಬೇಕು. ಕಿವಿ ಕೇಳದವನು ಸನ್ನೆ ನೋಡಿ ಬಾಯಿ ಬಿಟ್ಟು ಹೇಳುತ್ತಾನೆ, ಕಾಣದವನು ಕೇಳಿಸಿಕೊಳ್ಳುತ್ತಾನೆ. ಕಾಣದವನು ಕೊಟ್ಟ ಉತ್ತರ ಮಾತು ಬಾರದವನಿಗೆ ಕೇಳುತ್ತದೆ, ನಡುವೆ ನಿಂತ ದುಭಾಷಿಗೇ ಕೇಳುವುದಿಲ್ಲ. ಸುದ್ದಿ ಹೊತ್ತವನಿಗೆ ತಾನು ಹೊತ್ತ ಸುದ್ದಿಯ ಗತಿ ಏನಾಯಿತೆಂದೇ ಗೊತ್ತಾಗದು. ಇನ್ನು ಅವನಿಗೆ ಆ ಸುದ್ದಿ ತಲುಪಿಸುವ ಮನಸ್ಸೇ ಇಲ್ಲದಿದ್ದರೆ? ಸನ್ನೆಗೆ ಬೇಕಂತಲೇ ಬೇರೆ ಅರ್ಥ ಹೇಳಿದರೆ? ಮಾತು ಬಾರದವನು ಅದನ್ನು ಕೇಳಿಸಿಕೊಂಡು ಒದ್ದಾಡಬೇಕೇ ಹೊರತು ತಿದ್ದುವ ದಾರಿ ಅವನಿಗಿಲ್ಲ.

ಇಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎನ್ನುವುದರ ಮೇಲೆ ನಗೆಯೆಲ್ಲ ನಿಂತಿದೆ. ಸನ್ನೆ ಮಾಡುವವನು ಪ್ರೇಕ್ಷಕರಿಗೆ ಪೂರ್ತಿ ಕಾಣಬೇಕು, ನೋಡುವವನ ಮುಖವೂ ಕಾಣಬೇಕು. ಕಾಣದವನು ತಪ್ಪು ದಿಕ್ಕಿಗೆ ಮುಖ ಮಾಡಿ ಮಾತಾಡಬೇಕು, ಆದರೆ ಅವನ ದನಿ ಹಿಂದಿನ ಸಾಲಿಗೆ ಮುಟ್ಟಬೇಕು. ಪ್ರೇಕ್ಷಕನಿಗೆ ಸನ್ನೆ ಅರ್ಥವಾದ ಕ್ಷಣಕ್ಕೂ ರಂಗದ ಮೇಲಿನವನು ಅದನ್ನು ಕೆಡಿಸಿ ಹೇಳುವ ಕ್ಷಣಕ್ಕೂ ನಡುವೆ ಒಂದು ಉಸಿರಿನಷ್ಟು ಬಿಡುವು ಬೇಕು. ಬೇಗ ಹೇಳಿದರೆ ನಗೆ ಹುಟ್ಟುವುದಿಲ್ಲ, ತಡವಾದರೆ ಆರಿಹೋಗುತ್ತದೆ. ಈ ಬಿಡುವು ಎಷ್ಟು ಎನ್ನುವುದು ತಾಲೀಮಿನ ಕೋಣೆಯಲ್ಲಿ ಗೊತ್ತಾಗುವ ಸಂಗತಿಯಲ್ಲ. ಹುಬ್ಬಳ್ಳಿಯಲ್ಲಿ ಒಂದು ಅಳತೆ, ಬೆಂಗಳೂರಿನಲ್ಲಿ ಇನ್ನೊಂದು. ‘ಆಲ್ ದಿ ಬೆಸ್ಟ್’ ಕನ್ನಡದಲ್ಲಿ ನೂರಾರು ಪ್ರಯೋಗ ಕಂಡಿತು. ಪ್ರಯೋಗದಿಂದ ಪ್ರಯೋಗಕ್ಕೆ ಮಾತು ಬದಲಾಯಿತು, ಊರಿನ ಹೆಸರು ಸೇರಿತು, ಆ ವಾರದ ರಾಜಕೀಯ ನುಸುಳಿತು.

ನಾಟಕದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಂಗವೈಕಲ್ಯವನ್ನು ನಗೆಯ ಸರಕು ಮಾಡಿಕೊಂಡ ನಾಟಕ ಇದು. ಇವತ್ತಿನ ತರುಣ ಪ್ರೇಕ್ಷಕರಲ್ಲಿ ಹಲವರು ಕೆಲವು ಕಡೆ ಮುಜುಗರದಿಂದ ಕೂತಾರು. ಮೂವರೂ ದಯೆಗೆ ಕಾಯುವವರಲ್ಲ, ಎಲ್ಲರಂತೆ ಪ್ರೀತಿಗೆ ಬಿದ್ದು ಎಲ್ಲರಂತೆ ಮೋಸವನ್ನೂ ಮಾಡುವವರು ಎನ್ನುವುದು ನಾಟಕದ ಪರವಾಗಿ ಹೇಳಬಹುದಾದ ಮಾತು. ಅದು ಎಲ್ಲ ಸಂದರ್ಭಕ್ಕೂ ಸಾಲುವ ಸಮರ್ಥನೆ ಅಲ್ಲ. ನಾಳೆ ಇದನ್ನು ಎತ್ತಿಕೊಳ್ಳುವ ನಿರ್ದೇಶಕ ಈ ಪ್ರಶ್ನೆಯನ್ನು ದಾಟಿಕೊಂಡೇ ಹೋಗಬೇಕು.

ಮರಾಠಿಯ ನಾಟಕ ಕನ್ನಡಕ್ಕೆ ಬಂದದ್ದು ಈ ಗಡಿಸೀಮೆಗೆ ಹೊಸತೇನಲ್ಲ. 1843ರಲ್ಲಿ ವಿಷ್ಣುದಾಸ ಭಾವೆ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಅದಕ್ಕೆ ಪ್ರೇರಣೆ ಉತ್ತರ ಕನ್ನಡದಿಂದ ಹೋದ ಭಾಗವತರ ಆಟ. ಮುಂದೆ ಮರಾಠಿ ಕಂಪನಿಗಳು ಮುಂಬಯಿ ಕರ್ನಾಟಕದ ತುಂಬ ತಿರುಗಿದವು. ಅವುಗಳ ಅಬ್ಬರಕ್ಕೆ ಎದುರಾಗಿ ಶಾಂತಕವಿಗಳು 1874ರಲ್ಲಿ ಗದುಗಿನಲ್ಲಿ ಕನ್ನಡದ ಮಂಡಳಿ ಕಟ್ಟಿದರು. ಹೋದದ್ದು, ಬಂದದ್ದು, ಮತ್ತೆ ಹೋದದ್ದು. ಸರದೇಶಪಾಂಡೆ ‘ಸಹಿ ರೀ ಸಹಿ’ಯನ್ನೂ ಅದೇ ದಾರಿಯಲ್ಲಿ ತಂದರು. ಅವರು ತಂದದ್ದರಲ್ಲಿ ಗೆದ್ದ ಭಾಗ ಆಡುನುಡಿ. ಅಲ್ಲಿಯವರೆಗೆ ಬೆಂಗಳೂರಿನ ರಂಗದಲ್ಲಿ, ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತೆಂದರೆ ಹೆಚ್ಚಾಗಿ ಹಳ್ಳಿಗಮಾರನ ಮಾತು, ಇಲ್ಲವೇ ನಾಯಕನ ಪಕ್ಕದ ಕೋಡಂಗಿಯದು. ಸರದೇಶಪಾಂಡೆಯವರ ನಾಟಕದಲ್ಲಿ ಜಾಣನೂ ಪ್ರೇಮಿಯೂ ಕಳ್ಳನೂ ಹುಬ್ಬಳ್ಳಿ-ಧಾರವಾಡದ ಮಾತನ್ನೇ ಆಡುತ್ತಾರೆ. 2005ರಲ್ಲಿ ರಮೇಶ್ ಅರವಿಂದ್ ‘ರಾಮ ಶಾಮ ಭಾಮ’ ಮಾಡಿದಾಗ ಸಂಭಾಷಣೆ ಬರೆದವರು ಇವರೇ. ಕಮಲ್ ಹಾಸನ್ ಬಾಯಲ್ಲಿ ಹುಬ್ಬಳ್ಳಿಯ ಕನ್ನಡ ಕೇಳಿ ಬೆಂಗಳೂರಿನ ಥಿಯೇಟರುಗಳು ಸಿಳ್ಳೆ ಹಾಕಿದವು.

ರಾಜು ತಾಳಿಕೋಟಿ ಯಾವ ರಂಗಶಾಲೆಗೂ ಹೋದವರಲ್ಲ. ಅವರ ಹುಟ್ಟು ಹೆಸರು ರಾಜೇಸಾಬ ಮಕ್ತುಂಸಾಬ ಯಂಕಂಚಿ. ಮನೆಯದೇ ನಾಟಕ ಕಂಪನಿ: ತಾಳಿಕೋಟಿಯ ಖಾಸ್ಗತೇಶ್ವರ ನಾಟ್ಯ ಸಂಘ. ಮುಸ್ಲಿಂ ಮನೆತನದ ಕಂಪನಿಗೆ ಲಿಂಗಾಯತ ಮಠದ ಹೆಸರು. ಈ ಭಾಗದಲ್ಲಿ ಅದು ಯಾರಿಗೂ ವಿಶೇಷ ಎನಿಸಿದ್ದಿಲ್ಲ.

ಕಂಪನಿಯಲ್ಲಿ ಬೆಳೆದ ಹುಡುಗ ಎಲ್ಲ ಕೆಲಸಕ್ಕೂ ಕೈ ಹಾಕಬೇಕು. ಕ್ಯಾಂಪ್ ಎತ್ತುವಾಗ ತಗಡು, ಬಿದಿರು, ಕುರ್ಚಿ, ಪರದೆ ಲಾರಿಗೆ ಏರಬೇಕು. ಇನ್ನೊಂದು ಊರಿನಲ್ಲಿ ಥೇಟರು ಎದ್ದು ನಿಲ್ಲಬೇಕು. ಲೈಸೆನ್ಸ್, ಕರೆಂಟು, ಜಾಗದ ಬಾಡಿಗೆ ನೋಡಬೇಕು. ಮೊದಲ ಎರಡು ದಿನ ಜನ ಬರದಿದ್ದರೆ ನಾಟಕ ಬದಲಿಸಬೇಕು. ಪುಷ್ಯದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ ಬಂದರೆ ಹತ್ತಾರು ಕಂಪನಿಗಳು ಒಂದೇ ಬಯಲಿನಲ್ಲಿ ಎದುರುಬದುರು ಥೇಟರು ಹಾಕಿ, ರಾತ್ರಿಯಿಡೀ ಒಂದರ ಬೆನ್ನಿಗೊಂದು ಆಟ ಹೂಡುತ್ತವೆ. ಒಂದು ಕಂಪನಿಯ ಮೈಕು ಇನ್ನೊಂದು ಕಂಪನಿಯ ಕರುಣರಸಕ್ಕೆ ಅಡ್ಡ ಬರುತ್ತದೆ. ಟಿಕೆಟ್ ಕೊಂಡವನು ಹತ್ತು ನಿಮಿಷ ನೋಡಿ ಸೇರಲಿಲ್ಲವೆಂದರೆ ಎದ್ದು ಪಕ್ಕದ ಥೇಟರಿಗೆ ಹೋಗುತ್ತಾನೆ. ಇಷ್ಟು ನಿಷ್ಠುರವಾದ ತೀರ್ಪುಗಾರರ ಮಂಡಳಿ ಯಾವ ರಾಷ್ಟ್ರೀಯ ಸ್ಪರ್ಧೆಯಲ್ಲೂ ಇರಲಾರದು.

‘ಕಲಿಯುಗದ ಕುಡುಕ’ ಆ ಬಯಲಿನ ಪರೀಕ್ಷೆಯಲ್ಲಿ ಪಾಸಾದ ನಾಟಕ. ತಾಳಿಕೋಟಿಯವರ ಕುಡುಕ ರಂಗಕ್ಕೆ ಬಂದರೆ ಸಂಸಾರದ ಕಥೆ ಪಕ್ಕಕ್ಕೆ ಸರಿಯುತ್ತಿತ್ತು. ಅಮಲಿನಲ್ಲಿದ್ದವನು ಯಾರಿಗೆ ಏನು ಬೇಕಾದರೂ ಅನ್ನಬಹುದು: ಗೌಡನಿಗೆ, ಪೊಲೀಸನಿಗೆ, ಮಂತ್ರಿಗೆ, ದೇವರಿಗೆ. ಸಭ್ಯ ಪಾತ್ರಗಳು ಆಡಲಾಗದ ಮಾತು ಅವನ ಬಾಯಲ್ಲಿ ಹೊರಟಿತು. ಅದರ ಕ್ಯಾಸೆಟ್ಟುಗಳು ಖಾನಾವಳಿಗಳಲ್ಲಿ, ಟ್ರ್ಯಾಕ್ಟರಿನಲ್ಲಿ, ಖಾಸಗಿ ಬಸ್ಸುಗಳಲ್ಲಿ ಮೊಳಗಿದವು. ನಾಟಕ ನೋಡದ ಊರುಗಳಿಗೂ ಕುಡುಕ ಮುಟ್ಟಿದ. ಆಮೇಲೆ 2009ರ ‘ಮನಸಾರೆ’ ಬಂತು, ‘ಪಂಚರಂಗಿ’ ಬಂತು. ಸಿನಿಮಾ ಅವರನ್ನು ರಾಜ್ಯದ ಆಚೆ ತುದಿಗೂ ಒಯ್ದಿತು. 2024ರಲ್ಲಿ ಸರ್ಕಾರ ಅವರನ್ನು ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ಮಾಡಿತು. ಕಂಪನಿಯ ಮಾಲಕನನ್ನು ಸರ್ಕಾರಿ ರೆಪರ್ಟರಿಯ ಕುರ್ಚಿಯಲ್ಲಿ ಕೂರಿಸಿದ್ದು ಚೆನ್ನಾದ ನಿರ್ಧಾರವಾಗಿತ್ತು. ಕಾಲ ಮಾತ್ರ ಅವರಿಗೆ ಸಿಗಲಿಲ್ಲ.

ಈಗ ಪ್ರಶಸ್ತಿಯ ಮಾತು. ಹೊಸ ನಿರ್ದೇಶಕನೊಬ್ಬ ದೇಶದ ಕಣ್ಣಿಗೆ ಬೀಳಬೇಕೆಂದರೆ ಇವತ್ತು ಕೆಲವೇ ಬಾಗಿಲುಗಳಿವೆ. ಸಂಗೀತ ನಾಟಕ ಅಕಾಡೆಮಿ 2006ರಲ್ಲಿ ಸ್ಥಾಪಿಸಿದ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ಒಂದು, ನಲವತ್ತರ ಒಳಗಿನವರಿಗೆ. ಇನ್ನೊಂದು ಅದೇ ವರ್ಷ ಶುರುವಾದ ಮಹೀಂದ್ರ ರಂಗ ಪ್ರಶಸ್ತಿ, ರಂಗದವರ ಬಾಯಲ್ಲಿ ‘ಮೆಟಾ’. ದೇಶದ ನಾನಾ ಭಾಷೆಗಳಿಂದ ತಂಡಗಳು ಪ್ರಯೋಗದ ವಿಡಿಯೊ ಕಳಿಸುತ್ತವೆ. ಆಯ್ಕೆ ಸಮಿತಿ ನೂರಾರು ವಿಡಿಯೊ ನೋಡಿ ಹತ್ತು ನಾಟಕ ಆರಿಸುತ್ತದೆ. ಆ ಹತ್ತು ತಂಡಗಳು ದಿಲ್ಲಿಗೆ ಹೋಗಿ ತೀರ್ಪುಗಾರರ ಎದುರು ಆಡುತ್ತವೆ. ನಾಟಕಕೃತಿ, ನಿರ್ದೇಶನ, ಬೆಳಕು, ರಂಗಸಜ್ಜಿಕೆ, ವಸ್ತ್ರ, ಅಭಿನಯ ಹೀಗೆ ಒಂದೊಂದಕ್ಕೂ ಬೇರೆ ಬಹುಮಾನ.

ಕನ್ನಡದಿಂದ ಅಲ್ಲಿಗೆ ಹೋಗಿ ಗೆದ್ದವರಲ್ಲಿ ಶರಣ್ಯ ರಾಮ್‌ಪ್ರಕಾಶ್ ಒಬ್ಬರು. ಉಡುಪಿಯಲ್ಲಿ ಗುರು ಸಂಜೀವ ಸುವರ್ಣರ ಬಳಿ ಯಕ್ಷಗಾನ ಕಲಿತ ಅವರು ‘ಅಕ್ಷಯಾಂಬರ’ ಬರೆದು ನಿರ್ದೇಶಿಸಿದರು. 2016ರ ಮೆಟಾದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ರಂಗದ ಮೇಲೆ ಇಬ್ಬರೇ. ದ್ರೌಪದಿಯ ಸ್ತ್ರೀವೇಷದಲ್ಲಿ ಪ್ರಸಾದ್ ಚೇರ್ಕಾಡಿ, ಕೌರವ ಪಾಳೆ‌ಯದ ಗಂಡುವೇಷದಲ್ಲಿ ಶರಣ್ಯ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತ ನಡೆಯುವ ಜಗಳ ರಂಗದ ಮೇಲಿನ ವಸ್ತ್ರಾಪಹರಣದ ಜತೆ ಹೆಣೆದುಕೊಳ್ಳುತ್ತದೆ. ಹೆಣ್ಣಾಗಿ ಮೆರೆದ ಗಂಡಿಗೂ ಗಂಡಿನ ವೇಷ ತೊಟ್ಟ ಹೆಣ್ಣಿಗೂ ಮೇಳದಲ್ಲಿ ಯಾರ ಅಧಿಕಾರ ಎಷ್ಟು ಎನ್ನುವ ಪ್ರಶ್ನೆ ಅಲ್ಲಿದೆ. ಅಚ್ಚುಕಟ್ಟಾದ, ಇಬ್ಬರೇ ಹೊತ್ತುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಾದ ನಾಟಕ. ಕನ್ನಡ ಬಾರದ ತೀರ್ಪುಗಾರನಿಗೂ ವೇಷ, ಹೆಜ್ಜೆ, ಮುಖಗಳೇ ಅರ್ಧ ಕಥೆ ಹೇಳುತ್ತವೆ.

ಹಾಗಾದರೆ ‘ಕಲಿಯುಗದ ಕುಡುಕ’ದ ವಿಡಿಯೊ ದಿಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತು? ಬಹುಶಃ ಮೊದಲ ಸುತ್ತಿನಲ್ಲೇ ಹೊರಗೆ. ಬಣ್ಣದ ಪರದೆ, ಕೂಗು ಮೈಕು, ನಾಲ್ಕು ಗಂಟೆಯ ಅವಧಿ, ಎಲ್ಲಕ್ಕಿಂತ ಹೆಚ್ಚಾಗಿ ಉಪಶೀರ್ಷಿಕೆಗೆ ಸಿಗದ ಮಾತು. ತೀರ್ಪುಗಾರರ ಮೇಲೆ ಸಿಟ್ಟಾಗುವ ಕಾರಣವಿಲ್ಲ. ಅವರು ನೋಡುವುದು ಒಂದು ಸಂಜೆಯ ಒಂದು ಪ್ರಯೋಗ; ಅಳೆಯುವುದು ಆ ಸಂಜೆಗೆ ಪೂರ್ತಿಯಾಗಿ ತಯಾರಾಗಿ ಬಂದ ಕೃತಿಯನ್ನು. ಈ ಸೀಮೆಯ ನಿರ್ದೇಶಕ ತನ್ನ ನಾಟಕವನ್ನು ತಯಾರು ಮಾಡುವುದೇ ನೂರು ಸಂಜೆಗಳ ಮೇಲೆ. ಮೊದಲ ಪ್ರಯೋಗದಲ್ಲಿ ಅವನ ಕೈಯಲ್ಲಿರುವುದು ಅರೆಬೆಂದ ಸರಕು. ಎಲ್ಲಿ ನಕ್ಕರು, ಎಲ್ಲಿ ಬೀಡಿ ಸೇದಲು ಎದ್ದು ಹೋದರು ಎಂದು ನೋಡಿ ನೋಡಿ ಕತ್ತರಿಸುತ್ತಾನೆ, ಹೊಲಿಯುತ್ತಾನೆ. ನಟನೇ ನಿರ್ದೇಶಕನೂ ಆಗಿದ್ದರೆ ಇನ್ನೂ ಸಲೀಸು. ರಂಗದ ಮೇಲಿದ್ದುಕೊಂಡೇ ತಿದ್ದಬಹುದು. ಸರದೇಶಪಾಂಡೆ, ತಾಳಿಕೋಟಿ ಇಬ್ಬರೂ ನಟ-ನಿರ್ದೇಶಕರಾದದ್ದು ಕಾಕತಾಳೀಯವಲ್ಲ. ಪೇಟಿ ಮಾಸ್ತರ ರಂಗದ ಬದಿಯಲ್ಲಿ ಕೂತು ಮಾಡುತ್ತಿದ್ದುದನ್ನೇ ಅವರು ರಂಗದ ನಡುವೆ ನಿಂತು ಮಾಡಿದರು.

ಈ ಪದ್ಧತಿಗೆ ಕೆಡುಕೂ ಇದೆ. ನಗೆ ಬಿದ್ದ ಕಡೆಗೆ ನಾಟಕ ವಾಲುತ್ತ ಹೋಗುತ್ತದೆ. ಚಪ್ಪಾಳೆ ಬಾರದ, ಆದರೆ ಬೇಕೇ ಬೇಕಾದ ದೃಶ್ಯವನ್ನು ಉಳಿಸಿಕೊಳ್ಳುವ ಧೈರ್ಯ ಕಡಿಮೆಯಾಗುತ್ತದೆ. ಕಂಪನಿ ನಾಟಕ ಕೊನೆಕೊನೆಗೆ ದ್ವಂದ್ವಾರ್ಥದ ಕೆಸರಿಗೆ ಇಳಿದದ್ದು ಹೀಗೆಯೇ. ಶ್ರೀರಂಗರು ಕಂಪನಿಗೆ ಬೆನ್ನು ತಿರುಗಿಸಿದ್ದು ಯಾಕೆಂದು ಅಂಥ ನಾಟಕವೊಂದನ್ನು ಪೂರ್ತಿ ನೋಡಿದವನಿಗೆ ತಿಳಿದೀತು.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಹುಡುಗ-ಹುಡುಗಿಯರು ಈಗಲೂ ನೀನಾಸಂಗೆ, ಸಾಣೇಹಳ್ಳಿಗೆ, ರಂಗಾಯಣಕ್ಕೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರಕ್ಕೆ ಹೋಗುವ ದಾರಿ ಇದೆ. ಕಲಿತು ಬಂದವರಿಗೆ ಊರಿನಲ್ಲಿ ರಂಗವಿಲ್ಲ ಎನ್ನುವುದು ಅರ್ಧ ಸತ್ಯ. ಜಾತ್ರೆಯ ಕಟ್ಟೆ ಇದೆ, ವರ್ಷಕ್ಕೊಮ್ಮೆ ದೇಣಿಗೆ ಎತ್ತುವ ನಾಟ್ಯಸಂಘ ಇದೆ, ಬೆಳಗಿನವರೆಗೆ ಕೂರುವ ಪ್ರೇಕ್ಷಕ ಇದ್ದಾನೆ. ಇಲ್ಲದಿರುವುದು ಆ ಕಟ್ಟೆಗೆ ಹೊಸ ನಾಟಕ. ನಾಟಕ ಶಾಲೆಯಿಂದ ಬಂದವನಿಗೆ ಮಾಸ್ತರನ ಕೆಲಸ ಕೀಳೆನಿಸುತ್ತದೆ. ಮಾಸ್ತರನಿಗೆ ಇವನ ನಾಟಕ ಪ್ಯಾಟಿ ಮಂದಿಯದು ಎನಿಸುತ್ತದೆ. ಸರದೇಶಪಾಂಡೆ ಈ ಅಂತರವನ್ನು ಹುಬ್ಬಳ್ಳಿಯ ನಾಟಕದ ಹಾಲಿನವರೆಗೆ ದಾಟಿದರು. ಅಲ್ಲಿಂದ ಹಳ್ಳಿಯ ಕಟ್ಟೆಯವರೆಗಿನ ದಾರಿ ಹೆಚ್ಚು ಪಾಲು ಹಾಗೇ ಉಳಿದಿದೆ.

ಇನ್ನೊಂದು ಕೆಲಸ ತಡಮಾಡದೆ ಆಗಬೇಕು. ನೂರು ಪ್ರಯೋಗದಲ್ಲಿ ತಯಾರಾದ ನಾಟಕ ಅಚ್ಚಾದ ಪುಸ್ತಕದಲ್ಲಿ ಇರುವುದಿಲ್ಲ. ಪುಸ್ತಕದಲ್ಲಿರುವುದು ಮೊದಲ ರಾತ್ರಿಯ ಮಾತು. ‘ಆಲ್ ದಿ ಬೆಸ್ಟ್’ನ ಬಿಡುವುಗಳು, ಊರೂರಿಗೆ ಸೇರಿಸಿದ ಮಾತುಗಳು ಜತೆಯಲ್ಲಿ ಆಡಿದ ನಟರ ನೆನಪಿನಲ್ಲಿವೆ, ಒಂದಷ್ಟು ಯೂಟ್ಯೂಬಿನ ತುಣುಕುಗಳಲ್ಲಿವೆ. ಕುಡುಕನ ನಾಟಕ ಹಳೆಯ ಕ್ಯಾಸೆಟ್ಟು, ಸಿಡಿಗಳಲ್ಲಿದೆ, ಅದೂ ಒಂದಕ್ಕೊಂದು ತಾಳೆಯಾಗದ ರೂಪಗಳಲ್ಲಿ. ಧಾರವಾಡ ರಂಗಾಯಣದ ಕೆಲಸದಲ್ಲಿ ಇದಕ್ಕೂ ಒಂದು ಜಾಗ ಸಿಗಬೇಕು. ಎರಡೂ ನಾಟಕಗಳಲ್ಲಿ ಪಾತ್ರ ಮಾಡಿದವರನ್ನು ಕೂರಿಸಿಕೊಂಡು, ಕ್ಯಾಸೆಟ್ ಹಾಕಿ, ಎಲ್ಲಿ ಮಾತು, ಎಲ್ಲಿ ಸನ್ನೆ, ಎಲ್ಲಿ ನಗೆಗೆ ಬಿಡುವು ಎಂದು ಗುರುತು ಹಾಕಿದ ಪ್ರಯೋಗಪ್ರತಿ ಬರೆಸಬಹುದು. ಪ್ರಾಂಪ್ಟರನ ಪ್ರತಿ ಎಂದರೆ ಕಂಪನಿಯವರಿಗೆ ಕೂಡಲೇ ತಿಳಿಯುತ್ತದೆ. ಅಂಥ ಪ್ರತಿ ಕೈಗೆ ಸಿಕ್ಕರೆ ಹೆಗ್ಗೋಡಿನಿಂದ ಬಂದ ಹುಡುಗಿಯೊಬ್ಬಳು ಹೊರ್ತಿಯಂಥ ಊರಿನ ಜಾತ್ರೆಯ ತಾಲೀಮಿಗೆ ಕೂತು, ಕುಡುಕನ ಪಾತ್ರ ಯಾರಿಗೆ ಕೊಡುವುದು ಎಂಬಲ್ಲಿಂದ ಕೆಲಸ ಶುರು ಮಾಡಬಹುದು.